ಸೈಪ್ರಸ್‌ನ ಟ್ರೂಡೋಸ್ ಬೆಟ್ಟದಲ್ಲಿ 14 ಕಿ.ಮೀ. ಸುತ್ತುಹಾದಿ: ದೇವರಾಯನದುರ್ಗ ಹತ್ತುವವರಿಗೆ ಇದು ಸಾಧ್ಯವೇ?

ಪ್ರಶ್ನೆ: ತುಮಕೂರಿನ ನಿವೃತ್ತ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ಸೈಪ್ರಸ್ ದ್ವೀಪದ ಲಿಮಾಸೋಲ್ ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಗಳ ಮನೆಗೆ ಬರುವ ಮೇ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಹೋಗಲಿದ್ದೇವೆ. ಅಲ್ಲಿನ ಟ್ರೂಡೋಸ್ ಪರ್ವತಗಳಲ್ಲಿ ಒಲಿಂಪಸ್ ಶಿಖರವನ್ನು ಬಳಸಿ ಹೊರಟಲ್ಲಿಗೇ ಬಂದು ಸೇರುವ ಎರಡು ಕಾಡುಹಾದಿಗಳಿವೆಯೆಂದೂ, ಅವುಗಳಲ್ಲಿ ಆರ್ಟೆಮಿಸ್ ಎಂಬುದು 7 ಕಿಲೋಮೀಟರ್, ಅಟಲಾಂಟಿ ಎಂಬುದು 14 ಕಿಲೋಮೀಟರ್ ಇದೆಯೆಂದೂ ಮಗಳು ತಿಳಿಸಿದ್ದಾಳೆ. ದೊಡ್ಡದನ್ನೇ ನಡೆಯಬೇಕೆಂಬುದು ನನ್ನ ಆಸೆ. ನನಗೆ 63, ಪತ್ನಿಗೆ 59. ದೇವರಾಯನದುರ್ಗದಲ್ಲಿ ಕೆಳಗಿನ ಭೋಗನರಸಿಂಹಸ್ವಾಮಿ ದೇವಸ್ಥಾನದಿಂದ ಮೇಲಿನ ಯೋಗನರಸಿಂಹಸ್ವಾಮಿ ಸನ್ನಿಧಿಯವರೆಗೆ ತಿಂಗಳಿಗೆರಡು ಬಾರಿಯಾದರೂ ಹತ್ತಿ ಇಳಿಯುತ್ತೇವೆ. ಇಳಿಯುವಾಗ ಮಾತ್ರ ಪತ್ನಿಗೆ ಮಂಡಿ ಸ್ವಲ್ಪ ಹಿಡಿಯುತ್ತದೆ. ಹಾದಿಯ ಶ್ರಮ 'ಮಧ್ಯಮ' ಎಂದು ಹೇಳುತ್ತಾರೆ. ಆ ಮಾತಿಗೆ ನಮ್ಮ ಬೆಟ್ಟಗಳ ಲೆಕ್ಕದಲ್ಲಿ ಏನರ್ಥವೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಚಿಕ್ಕಬಳ್ಳಾಪುರದವರು, ಎರಡೂ ಹಾದಿಗಳನ್ನು ನಡೆದವರು

ಸರ್, ನೀವು ದೇವರಾಯನದುರ್ಗದ ಅಳತೆಗೋಲು ಹಿಡಿದಿರುವುದರಿಂದಲೇ ಗೊಂದಲವಾಗಿದೆ ಎಂದು ನನಗನ್ನಿಸುತ್ತದೆ. ನಮ್ಮ ಕಡೆ ಬೆಟ್ಟವೆಂದರೆ ಹತ್ತುವುದು, ದರ್ಶನ ಮಾಡುವುದು, ಬಂದ ದಾರಿಯಲ್ಲೇ ಇಳಿಯುವುದು. ಅಟಲಾಂಟಿ ಹಾಗಲ್ಲ. ಟ್ರೂಡೋಸ್ ಚೌಕವೇ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದ್ದು, ಅಲ್ಲಿಯವರೆಗೂ ಕಾರು ಹೋಗುತ್ತದೆ. ಹಾದಿಯು ಅಲ್ಲಿಂದ ಹೆಚ್ಚು ಏರದೆ ಹೆಚ್ಚು ಇಳಿಯದೆ ಬೆಟ್ಟದ ಸೊಂಟವನ್ನು ಬಳಸಿಕೊಂಡು ಹೋಗುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗಿರಿಪ್ರದಕ್ಷಿಣೆ. ಆಷಾಢದಲ್ಲಿ ನಂದಿಬೆಟ್ಟವನ್ನು ಸುತ್ತುವವರಿಗೂ, ತಿರುವಣ್ಣಾಮಲೈಗೆ ಹೋಗಿ ಅರುಣಾಚಲವನ್ನು ಸುತ್ತಿ ಬಂದವರಿಗೂ ಇದು ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಅರುಣಾಚಲದ ಸುತ್ತಳತೆಯೂ 14 ಕಿಲೋಮೀಟರೇ. ವ್ಯತ್ಯಾಸವೆಂದರೆ ಅಲ್ಲಿ ಡಾಂಬರು ರಸ್ತೆ, ಹೆಜ್ಜೆ ಹೆಜ್ಜೆಗೆ ಚಹಾದಂಗಡಿ; ಇಲ್ಲಿ ಕಲ್ಲುಮಣ್ಣಿನ ಕಾಲುದಾರಿ, ಅಂಗಡಿಯೇ ಇಲ್ಲ.

ಆದ್ದರಿಂದ 'ಮಧ್ಯಮ' ಎಂಬ ಮಾತು ಏರಿನದಲ್ಲ, ದೂರದ್ದು. ಐದು ಗಂಟೆ ಹಿಡಿಯುತ್ತದೆ. ನಿಂತು ನೋಡುವವರಿಗೆ ಆರು. ಸುತ್ತುಹಾದಿಯ ತೊಡಕೊಂದಿದೆ: ಅರ್ಧ ದಾಟಿದ ಮೇಲೆ ಸುಸ್ತಾದರೆ ಹಿಂದಿರುಗುವುದರಿಂದ ಏನೂ ಉಳಿತಾಯವಾಗುವುದಿಲ್ಲ. ಆದರೆ ಸುಮಾರು 9 ಕಿಲೋಮೀಟರ್ ನಡೆದ ಮೇಲೆ ಕ್ರೋಮಿಯೋ ಎಂಬಲ್ಲಿ ಹಾದಿಯು ಪ್ರೊಡ್ರೊಮೊಸ್ ಕಡೆಗೆ ಹೋಗುವ ರಸ್ತೆಯ ಬಳಿಗೆ ಬರುತ್ತದೆ. ಮಗಳು ಕಾರಿನೊಂದಿಗೆ ಅಲ್ಲಿ ಕಾದಿದ್ದರೆ ನಿಮ್ಮ ಪತ್ನಿಯವರು ಅಲ್ಲಿಗೇ ಮುಗಿಸಬಹುದು. (ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ಓಡಿಸುತ್ತಾರೆ.)

ಕಾಡಿನ ವಿಷಯಕ್ಕೆ ಬಂದರೆ, ಶಿಖರದ ಸುತ್ತ ಕಪ್ಪು ಪೈನ್ ಮರಗಳೇ ಹೆಚ್ಚು, ನಡುನಡುವೆ ಗಾಳಿಗೆ ತಿರುಚಿಕೊಂಡ ಜುನಿಪರ್ ಮರಗಳು. ನೆರಳು ಇದೆ, ಆದರೆ ನಮ್ಮ ಆಲದ ನೆರಳಿನಂತೆ ದಟ್ಟವಾದುದಲ್ಲ. ಅಲ್ಲಿನ ಋತುಮಾನ ನಮಗೆ ತಿರುವುಮುರುವು: ಮಳೆ ಹಿಮಗಳೆಲ್ಲ ಚಳಿಗಾಲಕ್ಕೆ, ಬೇಸಿಗೆ ಪೂರ್ತಿ ಒಣ. ಮೇ ತಿಂಗಳು ಈ ಎರಡರ ನಡುವಿನ ಸಂಧಿಯಾದ್ದರಿಂದ ನಿಮ್ಮ ಆಯ್ಕೆ ಒಳ್ಳೆಯದು. ಲಿಮಾಸೋಲ್‌ಗಿಂತ ಮೇಲೆ ಸುಮಾರು ಹತ್ತು ಡಿಗ್ರಿ ತಂಪಿರುತ್ತದೆ. ಬೆವರು ಕಾಣುವುದಿಲ್ಲ, ಗಂಟಲು ಮಾತ್ರ ಒಣಗುತ್ತದೆ. ಹಾದಿಯ ಮೊದಲ ಭಾಗದಲ್ಲಿ ಕುಡಿಯುವ ನೀರಿನ ಊಟೆಯೊಂದಿದೆ. ನಾಮದ ಚಿಲುಮೆಯ ಊರಿನವರಿಗೆ ಅದನ್ನು ಕಂಡು ಸಂತೋಷವಾದೀತು, ಆದರೂ ಅದನ್ನೇ ನಂಬದೆ ಒಬ್ಬೊಬ್ಬರೂ ಎರಡು ಲೀಟರ್ ಹೊತ್ತುಕೊಂಡೇ ಹೊರಡಿ. ಚಪಾತಿ, ಚಟ್ನಿಪುಡಿ, ಕಡಲೆಕಾಯಿ ಚಿಕ್ಕಿ ಸಾಕು.

ಕರಡಿ ಚಿರತೆಗಳ ಭಯ ಅಲ್ಲಿಲ್ಲ; ಆ ದ್ವೀಪದ ಅತಿ ದೊಡ್ಡ ಕಾಡುಪ್ರಾಣಿ ಒಂದು ಬಗೆಯ ಕಾಡುಕುರಿ. ನಮ್ಮ ಕೊಳಕುಮಂಡಲದ ಕುಟುಂಬಕ್ಕೇ ಸೇರಿದ ವಿಷದ ಹಾವೊಂದಿದೆ, ಆದ್ದರಿಂದ ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಪೈನ್ ಮರಗಳಲ್ಲಿ ಬಿಳಿ ಬಲೆಯ ಗೂಡು ಕಟ್ಟುವ ಕಂಬಳಿಹುಳುಗಳನ್ನೂ ಮುಟ್ಟಬಾರದು.

ಉತ್ತರ 2: ಕೋಲಾರ ಜಿಲ್ಲೆಯವರು, ಗಣಿ ಕೆಲಸದಲ್ಲಿದ್ದವರು

ನಾನು ಸೈಪ್ರಸ್ ನೋಡಿದವನಲ್ಲ. ಆದರೆ ಆ ಬೆಟ್ಟದ ಕಲ್ಲಿನ ಕುರಿತು ಒಂದು ಮಾತು ಹೇಳದೆ ಇರಲಾರೆ. ಕೆ.ಜಿ.ಎಫ್.ನಲ್ಲಿ ನಾವು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರೂ ಭೂಮಿಯ ಮೇಲ್ಪದರವನ್ನು ಕೆರೆದಂತೆಯೇ ಆಗಿತ್ತು. ಟ್ರೂಡೋಸ್‌ನಲ್ಲಾದರೋ ಸುಮಾರು 9 ಕೋಟಿ ವರ್ಷಗಳ ಹಿಂದೆ ಸಮುದ್ರತಳದ ಅಡಿಯಲ್ಲಿ, ಅದಕ್ಕೂ ಆಳದ ಪದರದಲ್ಲಿದ್ದ ಶಿಲೆ ಮೇಲೆದ್ದು ಬಂದು 1,952 ಮೀಟರ್ ಎತ್ತರದ ಶಿಖರವಾಗಿ ನಿಂತಿದೆ. ಬೆಟ್ಟ ಇಳಿದಂತೆಲ್ಲ ಆಳದ ಕಲ್ಲು ಮುಗಿದು, ಸಮುದ್ರದ ತಳಕ್ಕೆ ಉಕ್ಕಿ ಗಟ್ಟಿಯಾದ ಲಾವಾ ಸಿಗುತ್ತದೆ. ಬಾವಿಯನ್ನು ಬೋರಲು ಹಾಕಿದಂತೆ!

ಅಟಲಾಂಟಿ ಹಾದಿಯ ಪಕ್ಕದಲ್ಲೇ ಕೈಬಿಟ್ಟ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಗಣಿಯ ಸುರಂಗದ ಬಾಯಿಯಿದೆ. ಕ್ರೋಮಿಯೋ ಎಂಬ ಹೆಸರೂ ಅದರ ನೆನಪೇ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಸಿಗುವುದೂ ಇದೇ ಅದಿರು. ಹೊರಗೆ ನಿಂತು ನೋಡಿ, ಒಳಗೆ ಕಾಲಿಡಬೇಡಿ. ಹಳೆಯ ಸುರಂಗದಲ್ಲಿ ಗಾಳಿ ಕೆಟ್ಟಿರುತ್ತದೆ, ಮೇಲಿನ ಬಂಡೆ ಯಾವಾಗ ಕಳಚೀತೆಂದು ಅನುಭವಸ್ಥರೂ ಹೇಳಲಾರರು. ಹಸಿರು ಮಿಶ್ರಿತ ಜಾರುವ ಕಲ್ಲು ಕಂಡರೆ ಅದು ಸರ್ಪೆಂಟಿನೈಟ್. ಅದರಲ್ಲಿ ನಾರಿನಂಥ ಗೆರೆಗಳಿದ್ದರೆ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು; ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅಲ್ಲಿಯೇ ಹತ್ತಿರದ ಅಮಿಯಾಂಟೋಸ್‌ನಲ್ಲಿ 1988ರವರೆಗೂ ಕಲ್ನಾರಿನ ಗಣಿ ನಡೆಯುತ್ತಿತ್ತು. ನೆನಪಿಗೆಂದು ಕಲ್ಲು ಒಡೆದು ತರುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಉತ್ತರ 3: ಮಧುಗಿರಿಯವರು

ಮೊದಲ ಉತ್ತರವನ್ನು ಒಪ್ಪುತ್ತೇನಾದರೂ ಒಂದು ಭಿನ್ನಾಭಿಪ್ರಾಯವಿದೆ. ಮಂಡಿ ನೋವಿರುವವರಿಗೆ ಸಮತಟ್ಟಾದ ಹಾದಿಯೂ ನಾಲ್ಕನೆಯ ಗಂಟೆಯಲ್ಲಿ ಇಳಿಜಾರಿನಷ್ಟೇ ಕಾಟ ಕೊಡುತ್ತದೆ, ಅದರಲ್ಲೂ ಸಡಿಲ ಕಲ್ಲುಗಳ ಮೇಲೆ ಪಾದ ವಾರೆಯಾಗಿ ಊರಬೇಕಾದಾಗ. ಅಮ್ಮನವರು ಮೊದಲು ಆರ್ಟೆಮಿಸ್ ನಡೆಯಲಿ. ಅದು ಅಟಲಾಂಟಿಗಿಂತ ಮೇಲೆ, ಸುಮಾರು 1,850 ಮೀಟರ್ ಎತ್ತರದಲ್ಲಿ ಸುತ್ತುತ್ತದೆ. ನೋಟವೂ ಚೆನ್ನ, ಮೂರು ಗಂಟೆಯಲ್ಲಿ ಮುಗಿಯುತ್ತದೆ. ನಡೆಗೋಲು ಮರೆಯಬೇಡಿ. ಇಲ್ಲಿಂದ ಹೊರಡುವ ಮುನ್ನ ಎರಡು ವಾರ ಬೆಟ್ಟ ಹತ್ತುವುದನ್ನು ಬಿಟ್ಟು, ದಿನವೂ ಎಂಟು ಹತ್ತು ಕಿಲೋಮೀಟರ್ ಮಣ್ಣುದಾರಿಯಲ್ಲಿ ನಡೆದು ನೋಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಗಿರಿಪ್ರದಕ್ಷಿಣೆ ಎಂದೊಡನೆ ನನ್ನ ಪತ್ನಿ, "ಹಾಗಾದರೆ 14 ಕಿಲೋಮೀಟರೂ ನಡೆಯುತ್ತೇನೆ, ಕಾರು ಬೇಡ" ಎಂದುಬಿಟ್ಟಿದ್ದಾಳೆ. ಮೊದಲ ವಾರ ಆರ್ಟೆಮಿಸ್, ಮಂಡಿ ಒಪ್ಪಿದರೆ ಮುಂದಿನ ವಾರ ಅಟಲಾಂಟಿ ಎಂದು ತೀರ್ಮಾನಿಸಿದ್ದೇವೆ. ಕ್ರೋಮಿಯೋದಲ್ಲಿ ಕಾರು ನಿಲ್ಲಿಸುವ ವಿಷಯವನ್ನು ಸದ್ಯಕ್ಕೆ ಮಗಳಿಗೆ ಮಾತ್ರ ತಿಳಿಸಿದ್ದೇನೆ. ಪ್ರದಕ್ಷಿಣೆಯೆಂದ ಮೇಲೆ ಶಿಖರವನ್ನು ಬಲಕ್ಕೆ ಇಟ್ಟುಕೊಂಡೇ ನಡೆಯಬೇಕೆಂದು ನನ್ನ ಪತ್ನಿಯ ಹಟ. ಕ್ರೋಮಿಯೋ 9 ಕಿಲೋಮೀಟರಿಗೆ ಬರುವುದು ಆ ದಿಕ್ಕಿನಲ್ಲಿ ಹೊರಟರೋ, ಎದುರು ದಿಕ್ಕಿನಲ್ಲಿ ಹೊರಟರೋ ಎಂಬುದನ್ನು ಚಿಕ್ಕಬಳ್ಳಾಪುರದ ಮಹನೀಯರು ತಿಳಿಸಿದರೆ ಉಪಕಾರವಾಗುತ್ತದೆ.