ಸಹಾಯ ಬೇಕು: ಎಲೆಗೆ ಎಷ್ಟು ಅಂತ ಹೇಳಬೇಕು?

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸೀಮಂತ, ನಾಮಕರಣ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುತ್ತೇನೆ. ರುಚಿಗೆ ಹೆಸರಿದೆ, ಕೈಯಲ್ಲಿ ಮಾತ್ರ ಕಾಸು ನಿಲ್ಲುತ್ತಿಲ್ಲ.

ಹೋದ ವಾರದ ಗೃಹಪ್ರವೇಶದ ಲೆಕ್ಕ ನೋಡಿ. 120 ಎಲೆ, ಎಲೆಗೆ 220 ರೂಪಾಯಿ, ಒಟ್ಟು 26,400. ದಿನಸಿ, ತರಕಾರಿ, ಹಾಲು, ತುಪ್ಪಕ್ಕೆ 13,800 ಆಯಿತು. ಹೋಳಿಗೆ ತಟ್ಟುವವರು, ಬಡಿಸುವವರ ಕೂಲಿ 6,500. ಗ್ಯಾಸ್, ಪಾತ್ರೆ ಬಾಡಿಗೆ, ಗಾಡಿ ಸೇರಿ 4,300. ಉಳಿದದ್ದು 1,800! ನಾನು, ನಮ್ಮ ಯಜಮಾನರು ಎರಡು ದಿನ ದುಡಿದದ್ದಕ್ಕೆ ಇಷ್ಟೇ. ನಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅದು ನನ್ನದೇ ತಪ್ಪು. ಮೇಲಾಗಿ ಊಟಕ್ಕೆ ಕೂತವರು 138 ಜನ. ಜಾಸ್ತಿ ಎಲೆಗೆ ದುಡ್ಡು ಕೇಳಿದರೆ "ಮಕ್ಕಳೇ ಅಲ್ವಾ" ಅಂದರು. ಶುಭಕಾರ್ಯದ ಮನೆಯಲ್ಲಿ ಜಗಳ ಆಡೋಕೆ ಆಗುತ್ತಾ?

ಈಗ 280 ಹೇಳಬೇಕು ಅಂದುಕೊಂಡಿದ್ದೇನೆ. ಗಿರಾಕಿ ಓಡಿಹೋಗುತ್ತಾರೆ ಅಂತ ಭಯ. ಅನುಭವ ಇರುವವರು ಹೇಳಿ, ಸಾಮಾನಿಗೆ ಬಿದ್ದ ಖರ್ಚಿನ ಮೇಲೆ ನೀವು ಎಷ್ಟು ಪಟ್ಟು ಹಾಕುತ್ತೀರಿ? 40-50 ಎಲೆಯ ಸಣ್ಣ ಕಾರ್ಯಕ್ಕೂ ಗಾಡಿ, ಪಾತ್ರೆ ಖರ್ಚು ಹೆಚ್ಚುಕಮ್ಮಿ ಅಷ್ಟೇ ಬೀಳುತ್ತದೆ. ಅದಕ್ಕೆ ಬೇರೆ ರೇಟು ಇಡುತ್ತೀರಾ, ಇಲ್ಲ ಇಂತಿಷ್ಟು ಎಲೆಗಿಂತ ಕಡಿಮೆ ಒಪ್ಪುವುದೇ ಇಲ್ಲವಾ? ಸಾಮಾನು ಅವರೇ ತಂದುಕೊಟ್ಟು ಬರೀ ಅಡುಗೆ ಕೂಲಿ ತಗೊಳ್ಳೋದು ಮೇಲು ಅಂತ ನಮ್ಮ ಅತ್ತೆ ಹೇಳುತ್ತಾರೆ. ಪಟ್ಟಿ ಬರೆದುಕೊಟ್ಟರೂ ಕೆಲವರು ಅಗ್ಗದ ಬೇಳೆ, ಎಣ್ಣೆ ತಂದಿಡುತ್ತಾರೆ. ಆಮೇಲೆ ರುಚಿ ಕೆಟ್ಟರೆ ಹೆಸರು ಹೋಗುವುದು ನಮ್ಮದು.

ಅಡ್ವಾನ್ಸ್ ಎಷ್ಟು ತಗೊಳ್ಳುತ್ತೀರಿ ಅನ್ನೋದನ್ನೂ ತಿಳಿಸಿ. ಬರುವ ಭಾನುವಾರ 80 ಎಲೆಯ ಸೀಮಂತಕ್ಕೆ ರೇಟು ಹೇಳಬೇಕಿದೆ.