ರಿಕವರಿ ಅಂದರೆ ‘ಚೇತರಿಕೆ’ಯೋ ‘ಇಳುವರಿ’ಯೋ? ಕಲ್ಲೆಣ್ಣೆಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ನಮ್ಮ ಅಕ್ಕನ ಮಗಳು ಇಲ್ಲೇ ದಾವಣಗೆರೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನ್ಯಾನೋ ಕಣ, ಗಿಡಮರದ ಅಂಟು ಇಂಥವನ್ನು ಬಳಸಿ ನೆಲದೊಳಗಿನ ಕಲ್ಲೆಣ್ಣೆಯನ್ನು (ಪೆಟ್ರೋಲಿಯಂ) ಇನ್ನಷ್ಟು ಹೊರತೆಗೆಯುವ ಬಗ್ಗೆ ಕನ್ನಡದಲ್ಲೇ ಹತ್ತು ನಿಮಿಷ ಮಾತಾಡಬೇಕಂತೆ. ಮೊಬೈಲಿನಿಂದ ತರ್ಜುಮೆ ಮಾಡಿಸಿಕೊಂಡು ಬಂದಿದ್ದಳು. ಮೊದಲ ಸಾಲು: ‘ಜಲಾಶಯದಲ್ಲಿ ವರ್ಧಿತ ತೈಲ ಚೇತರಿಕೆಗಾಗಿ ಪಾಲಿಮರ್ ಪ್ರವಾಹ’. ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಕ್ಕ ಒಳಗಿಂದಲೇ ಕೇಳಿದಳು, “ಯಾರಿಗೆ ಹುಷಾರಿರ್ಲಿಲ್ಲೇ?”

ಆರು ಪದಗಳಲ್ಲಿ ಮೂರು ದಾರಿ ತಪ್ಪಿವೆ: ಇಂಗ್ಲಿಷಿನ ರಿಸರ್ವಾಯರ್ ‘ಜಲಾಶಯ’, ರಿಕವರಿ ‘ಚೇತರಿಕೆ’, ಫ್ಲಡಿಂಗ್ ‘ಪ್ರವಾಹ’ ಆಗಿವೆ. ಹೆಚ್ಚು ಕಾಡುತ್ತಿರುವುದು ‘ಚೇತರಿಕೆ’. ರೋಗಿ ಚೇತರಿಸಿಕೊಳ್ಳುತ್ತಾನೆ, ಅಡಿಕೆ ಮಾರುಕಟ್ಟೆ ಚೇತರಿಸಿಕೊಳ್ಳುತ್ತದೆ. ಎಣ್ಣೆಗೆ ಏನಾಗಿತ್ತು? ‘ವಸೂಲಿ’ ಅಂದರೆ ಸಾಲದವರು ಬಾಗಿಲಿಗೆ ಬಂದ ಹಾಗಾಗುತ್ತದೆ. ‘ಮರುಪಡೆಯುವಿಕೆ’ ಅನ್ನೋಣವೆಂದರೆ, ಒಮ್ಮೆ ನಮ್ಮ ಕೈಲಿದ್ದು ಹೋದದ್ದನ್ನಲ್ಲವೇ ಮರಳಿ ಪಡೆಯುವುದು?

ನಮ್ಮ ದೊಡ್ಡಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಊರಿಗೆ ಎಣ್ಣೆನಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವರಿಗೆ ಫೋನ್ ಮಾಡಿದೆ. “ಬಾಯಲ್ಲಿ ‘ಎಷ್ಟು ಎಣ್ಣೆ ಬಿತ್ತು’ ಅಂತಿದ್ವಿ, ಪುಸ್ತಕದಾಗೆ ‘ಇಳುವರಿ’ ಅಂತ ಬರೀತಿದ್ವಿ” ಅಂದರು. ಎಕ್ಸ್‌ಪೆಲ್ಲರ್‌ನಲ್ಲಿ ಶೇಂಗಾ ಅರೆದ ಮೇಲೂ ಹಿಂಡಿಯಲ್ಲಿ ಶೇ. 6–8ರಷ್ಟು ಎಣ್ಣೆ ಉಳಿದಿರುತ್ತದೆ, ಅದನ್ನು ಸಾಲ್ವೆಂಟ್ ಘಟಕದಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಾಕಿ ತೊಳೆದು ತೆಗೆಯುತ್ತಾರೆ. ಕಲ್ಲೆಣ್ಣೆಯ ಕಥೆಯೂ ಇದರ ದೊಡ್ಡಣ್ಣ. ಒಳಗಿನ ಒತ್ತಡಕ್ಕೆ ತಾನೇ ಉಕ್ಕಿ ಬರುವುದು ಒಂದು ಹಂತ. ನೀರನ್ನೋ ಅನಿಲವನ್ನೋ ಒಳಗೆ ಒತ್ತಿ ದೂಡುವುದು ಎರಡನೆಯದು. ಇಷ್ಟಾದ ಮೇಲೂ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಲ್ಲೇ ಕೂತಿರುತ್ತದೆ. ಅದರ ಬೆನ್ನು ಹತ್ತುವುದು ಮೂರನೇ ಹಂತ, ಹುಡುಗಿಯ ವಿಷಯ ಅದೇ.

ಕಬ್ಬಿನವರು ‘ರಿಕವರಿ ಎಷ್ಟು ಬಂತು’ ಅನ್ನುವುದನ್ನೂ ಪತ್ರಿಕೆಗಳು ‘ಶೇ. 10.25 ಸಕ್ಕರೆ ಇಳುವರಿ’ ಎಂದೇ ಬರೆಯುತ್ತವೆ. ಹಾಗಿದ್ದ ಮೇಲೆ ‘ಕಲ್ಲೆಣ್ಣೆ ಇಳುವರಿ’ಗೆ ಏನಡ್ಡಿ? ಅಡ್ಡಿ ನನ್ನದೇ. ಇಳುವರಿಯೊಳಗೆ ‘ಇಳಿ’ ಕೂತಿದೆ. ಗಾಣದಿಂದ ಎಣ್ಣೆ ಕೆಳಗಿಳಿಯುತ್ತದೆ, ಬಾವಿಯಿಂದ ಮೇಲೇರುತ್ತದೆ. ಭತ್ತದ ಇಳುವರಿ ಅನ್ನುವಾಗ ಯಾರೂ ಇಳಿಯುವುದನ್ನು ನೆನೆಯುವುದಿಲ್ಲ ಎಂಬುದೂ ನಿಜ. ಇನ್ನೊಂದು, ಇಳುವರಿ ಅಳತೆಯನ್ನು ಹೇಳುತ್ತದೆ, ಕೆಲಸವನ್ನಲ್ಲ. ಕ್ರಿಯಾಪದವಾಗಿ ‘ಎಣ್ಣೆ ಇಳಿಸುವುದು’ ಎಂದು ಸೂಚಿಸಿದೆ. “ಮಾಮ, ಕ್ಲಾಸಲ್ಲಿ ಹುಡುಗರು ಬಿದ್ದು ಬಿದ್ದು ನಗ್ತಾರೆ” ಅಂದಳು. ಈಗಿನವರಿಗೆ ಎಣ್ಣೆ ಅಂದರೆ ಬೇರೆಯೇ. (ಎಣ್ಣೆ ಎಳ್ಳಿನ ನೆಯ್, ತೈಲ ತಿಲದ್ದು; ಎರಡೂ ಎಳ್ಳಿನ ಮಕ್ಕಳೇ. ಪೆಟ್ರೋಲಿಯಂ ಎಂಬ ಪದವನ್ನು ಬಿಡಿಸಿದರೂ ಕಲ್ಲು, ಎಣ್ಣೆ. ಹಾಗಾಗಿ ಕಲ್ಲೆಣ್ಣೆಗೆ ನನ್ನ ವೋಟು.)

‘ಜಲಾಶಯ’ವಂತೂ ಬೇಡವೇ ಬೇಡ. ದುರ್ಗದ ಸೀಮೆಯವರಿಗೆ ಆ ಪದ ಕೇಳಿದರೆ ಮಾರಿಕಣಿವೆ ಕಣ್ಣ ಮುಂದೆ ಬರುತ್ತದೆ, 1933ರ ಬಳಿಕ 2022ರಲ್ಲಿ ಕೋಡಿ ಹರಿದದ್ದು ನೆನಪಾಗುತ್ತದೆ. ಹುಡುಗಿಯೂ ನೆಲದಡಿ ಎಣ್ಣೆಯ ಕೆರೆಯೊಂದನ್ನು ಬರೆದಿದ್ದಳು, ನೀಲಿ ಬದಲು ಕಪ್ಪು ಬಣ್ಣ ಅಷ್ಟೆ. ನಿಜದಲ್ಲಿ ಅದು ಮರಳುಗಲ್ಲೋ ಸುಣ್ಣಗಲ್ಲೋ, ಅದರ ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ಹಿಡಿದುಕೊಂಡಿರುತ್ತದೆ. ‘ಎಣ್ಣೆಪದರ’ ಸಾಕು ಅನ್ನಿಸಿತು. ಬೋರ್ ಕೊರೆಯುವವರ ‘ಸೆಲೆ’ ಚೆಂದದ ಪದ, ಆದರೆ ಸೆಲೆ ತಾನಾಗಿ ಜಿನುಗುತ್ತದೆ, ಇದು ಜಿನುಗದೆ ಹಟ ಹಿಡಿದು ಕೂತದ್ದು.

‘ಪ್ರವಾಹ’ಕ್ಕೆ ಉತ್ತರ ಭದ್ರಾ ನಾಲೆಯ ಮೇಲಿದೆ: ‘ಹಾಯಿಸು’. ಬರೀ ನೀರು ಹಾಯಿಸಿದರೆ ಅದು ಸಲೀಸಾದ ದಾರಿ ಹಿಡಿದು ಎಣ್ಣೆಯನ್ನು ಹಿಂದೆ ಬಿಟ್ಟು ಹೋಗುತ್ತದೆ, ಗದ್ದೆಯ ಬದು ಕೊರೆದುಕೊಂಡು ಹೋದ ಹಾಗೆ. ಅದಕ್ಕೇ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಬೆರೆಸಿ ನೀರನ್ನು ಗಂಜಿಯಂತೆ ಮಂದ ಮಾಡುತ್ತಾರೆ. ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯಲ್ಲಿ 2004ರಲ್ಲಿ ಸಿಕ್ಕ ಮಂಗಳಾ ಕಲ್ಲೆಣ್ಣೆ ಕ್ಷೇತ್ರದಲ್ಲಿ ಹೀಗೆ ಪಾಲಿಮರ್ ನೀರು ಹಾಯಿಸುತ್ತಿದ್ದಾರೆ. ಅದು ಕೃತಕ ಪಾಲಿಮರ್. ಅದರ ಜಾಗಕ್ಕೆ ಬರಬಲ್ಲವುಗಳಲ್ಲಿ ಒಂದು ಕ್ಸಾಂಥಾನ್ ಅಂಟು. ಎಲೆಕೋಸಿಗೆ ಕಪ್ಪು ಕೊಳೆ ರೋಗ ತರುವ ಬ್ಯಾಕ್ಟೀರಿಯಾವೇ ಅದನ್ನು ತಯಾರಿಸುವುದು. ಇಂಥವನ್ನು ‘ಜೈವಿಕ ವಸ್ತು’ ಅನ್ನಲು ಮನಸ್ಸಿಲ್ಲ. ಅದರ ಇಂಗ್ಲಿಷ್ ಪದ ‘ಬಯೋಮೆಟೀರಿಯಲ್’ಗೆ ವೈದ್ಯರಲ್ಲಿ ಮೈಯೊಳಗೆ ಕೂರಿಸುವ ವಸ್ತು ಎಂಬ ಅರ್ಥ, ಟೈಟಾನಿಯಂ ಕೀಲೂ ಅದರಲ್ಲಿ ಸೇರುತ್ತದೆ. ‘ಜೀವಮೂಲದ ವಸ್ತು’ ಎಂದು ಬರೆಸಿದ್ದೇನೆ.

ಈಗ ನಿಜವಾಗಿ ಕೈಕೊಟ್ಟ ಪದ. ಕಲ್ಲಿನ ಮೈಗೆ ಯಾವುದು ಹೆಚ್ಚು ಅಂಟಿಕೊಳ್ಳುತ್ತದೆ, ನೀರೋ ಎಣ್ಣೆಯೋ ಎಂಬ ಗುಣ, ಇಂಗ್ಲಿಷಿನಲ್ಲಿ ವೆಟ್ಟಬಿಲಿಟಿ. ಮೊಬೈಲು ‘ತೇವಗೊಳ್ಳುವಿಕೆ’ ಅಂದಿತ್ತು. ಅಕ್ಕನ ಕಬ್ಬಿಣದ ದೋಸೆಹೆಂಚು ತಣ್ಣಗಿದ್ದಾಗ ಒಂದು ತೊಟ್ಟು ನೀರು ಬಿಟ್ಟು ನೋಡಿದೆವು. ಮಣಿಯಂತೆ ಉಂಡೆಯಾಗಿ ನಿಂತಿತು. ಒಂದು ಮೂಲೆಯನ್ನು ಅಂಟುವಾಳದ ನೊರೆಯಲ್ಲಿ ಚೆನ್ನಾಗಿ ಉಜ್ಜಿ ತೊಳೆದ ಮೇಲೆ ಅಲ್ಲಿ ನೀರು ತೆಳ್ಳಗೆ ಹರಡಿಕೊಂಡಿತು. (ಪಳಗಿದ ಹೆಂಚು ಕೆಡಿಸಿದಿರಿ ಎಂದು ಅಕ್ಕ ಎರಡು ದಿನ ಮಾತಾಡಲಿಲ್ಲ.) ‘ಹೆಂಚು ಎಣ್ಣೆ ಹಿಡಿದಿದೆ’ ಅನ್ನುತ್ತೇವಲ್ಲ, ಹಾಗೆ ‘ಎಣ್ಣೆಹಿಡುಕ ಕಲ್ಲು’, ‘ನೀರುಹಿಡುಕ ಕಲ್ಲು’ ಅನ್ನಬಹುದೇ? ಆ ಗುಣಕ್ಕೆ ಒಂದೇ ಪದ ಬೇಕು. ‘ಹಿಡಿತ’ ಬೇರೆ ಕಡೆ ಎಳೆಯುತ್ತದೆ. ‘ಒಗ್ಗು’ ಹೊಂದೀತೇ?

ನ್ಯಾನೋ ಕಣಗಳ ಕೆಲಸ ನಡೆಯುವುದು ಇಲ್ಲೇ. 1ರಿಂದ 100 ನ್ಯಾನೋಮೀಟರ್ ಗಾತ್ರದ ಸಿಲಿಕಾ ಕಣಗಳು ಎಣ್ಣೆ ಹನಿ ಕಲ್ಲಿಗೆ ತಾಗುವ ಅಂಚಿನಲ್ಲಿ ಸಾಲುಗಟ್ಟಿ, ಸಂದಿಯೊಳಗೆ ನುಗ್ಗಿ, ಹನಿಯನ್ನು ಮೇಲೆಬ್ಬಿಸುತ್ತವೆ. ಕಣಗಳು ಹೀಗೆ ಸಂದಿ ಹೊಕ್ಕು ದ್ರವವನ್ನು ಹರಡಿಸುವ ಬಗೆಯನ್ನು ವಾಸನ್ ಮತ್ತು ನಿಕೊಲೊವ್ ಎಂಬ ವಿಜ್ಞಾನಿಗಳು 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದ್ದರು. ಸಂದಿಯಲ್ಲಿ ಕಣಗಳು ಹಾಕುವ ಈ ಒತ್ತಡದ ಇಂಗ್ಲಿಷ್ ಹೆಸರನ್ನು (ಡಿಸ್‌ಜಾಯ್ನಿಂಗ್ ಪ್ರೆಶರ್) ಮೊಬೈಲು ‘ಬೇರ್ಪಡಿಸುವ ಒತ್ತಡ’ ಮಾಡಿತ್ತು. ತಪ್ಪಲ್ಲ, ಸಪ್ಪೆ. ಬಂಡೆ ಸೀಳುವವರು ಸಾಲಾಗಿ ಕುಳಿ ತೋಡಿ ಬೆಣೆ ಹೊಡೆಯುವುದನ್ನು ನೋಡಿದವನಿಗೆ ‘ಬೆಣೆಯೊತ್ತಡ’ ಎಂದೇ ಬಂತು. ಇದೊಂದನ್ನು ಬಿಟ್ಟುಕೊಡುವ ಮನಸ್ಸಿಲ್ಲ, ಆದರೂ ತಪ್ಪಿದ್ದರೆ ಹೇಳಿ.

ಇಳುವರಿ, ಒಗ್ಗು ಇವೆರಡರ ಬಗ್ಗೆ ಶನಿವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ, ಸೋಮವಾರ ಅವಳ ಸರದಿ. ದೊಡ್ಡಪ್ಪನ ಪ್ರಶ್ನೆಯೊಂದು ಬಾಕಿ ಇದೆ, ಅದಕ್ಕೆ ಅವಸರವಿಲ್ಲ: ಹಿಂಡಿದ ಮೇಲೆ ಉಳಿದದ್ದಕ್ಕೆ ‘ಹಿಂಡಿ’ ಎಂದಾಯಿತೋ, ಅಥವಾ ಹಿಟ್ಟು ಎಂಬರ್ಥದ ತೆಲುಗಿನ ‘ಪಿಂಡಿ’ಯ ಬಳಗವೋ?