ಎಡಗಾಲಿಗೆ ಬಲ ಇಲ್ಲ, ಬಲಗಾಲಿಗೆ ನೋವು ಗೊತ್ತಾಗಲ್ಲ. ಗಾಯ ಮಾತ್ರ ಒಂದೇ!

ಬಿಪಿಟಿ_ಮೂರನೇ_ವರ್ಷ:

ಫಿಸಿಯೋಥೆರಪಿ ಕೋರ್ಸಿನ ನ್ಯೂರೋ, ಅಂದರೆ ನರಗಳ ವಿಷಯ, ಓದುತ್ತಾ ಕೂತಿದ್ದೇನೆ, ತಲೆ ಕೆಟ್ಟಿದೆ. ಕ್ಲಾಸಲ್ಲಿ ಒಂದು ಕೇಸ್ ಕೊಟ್ಟು ಬಿಡಿಸಿಕೊಂಡು ಬನ್ನಿ ಅಂದಿದ್ದಾರೆ. ಬೆನ್ನಿಗೆ ಚಾಕು ಇರಿತ. ಟಿ8 ಮಟ್ಟದಲ್ಲಿ, ಅಂದರೆ ಎದೆಭಾಗದ ಎಂಟನೇ ನರದ ಮಟ್ಟದಲ್ಲಿ, ಬೆನ್ನುಹುರಿಯ ಎಡ ಅರ್ಧ ಮಾತ್ರ ತುಂಡಾಗಿದೆ. ಒಂದೆರಡು ತಿಂಗಳಾದ ಮೇಲೆ ಪರೀಕ್ಷೆ ಮಾಡಿದಾಗ ಎಡಗಾಲು ಎತ್ತಲು ಆಗುವುದಿಲ್ಲ, ಬಿಗಿಯಾಗಿದೆ. ಕಣ್ಣು ಮುಚ್ಚಿಸಿ ಎಡಗಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದರೆ ಯಾವ ಕಡೆ ಅಂತ ಹೇಳಲು ಬರುವುದಿಲ್ಲ, ಟ್ಯೂನಿಂಗ್ ಫೋರ್ಕಿನ ಕಂಪನವೂ ಗೊತ್ತಾಗುವುದಿಲ್ಲ. ಬಲಗಾಲು ಚೆನ್ನಾಗಿ ಆಡುತ್ತದೆ. ಆದರೆ ಅಲ್ಲಿ ಪಿನ್ ಚುಚ್ಚಿದರೆ ನೋವಿಲ್ಲ, ಬಿಸಿ ಯಾವುದು ತಣ್ಣಗಿರುವುದು ಯಾವುದು ಅನ್ನುವುದೂ ತಿಳಿಯುವುದಿಲ್ಲ.

ನನ್ನ ತಲೆಬಿಸಿ ಇಷ್ಟು. ಗಾಯ ಎಡಕ್ಕೆ ಆಗಿದ್ದರೆ ಎಲ್ಲಾ ತೊಂದರೆಯೂ ಒಂದೇ ಕಾಲಿಗೆ ಬರಬೇಕಿತ್ತಲ್ವಾ? ಗಾಯ ಟಿ8ರಲ್ಲಿದ್ದರೂ ಬಲಗಡೆ ನೋವು ಹೋಗಿರುವುದು ಹೊಕ್ಕುಳಿನಿಂದ ಕೆಳಗೆ, ಅಂದರೆ ಟಿ10ರಿಂದ. ನಡುವಿನ ಎರಡು ಮಟ್ಟ ಹೇಗೆ ಉಳಿಯಿತು? ಮತ್ತೆ ಹತ್ತಿ ತಾಗಿಸಿದರೆ ಎರಡೂ ಕಾಲಲ್ಲಿ ಹೆಚ್ಚುಕಡಿಮೆ ಗೊತ್ತಾಗುತ್ತದಂತೆ, ಅದು ಯಾಕೆ? ಪುಸ್ತಕದ ಬಣ್ಣಬಣ್ಣದ ಗೆರೆಗಳ ಚಿತ್ರ ನೋಡಿ ನೋಡಿ ಸಾಕಾಗಿದೆ, ದಯವಿಟ್ಟು ಮಾತಲ್ಲಿ ಹೇಳಿ.

ನರರೋಗ_ಪಿಜಿ:

ಇದು ಬ್ರೌನ್-ಸೆಕಾರ್ಡ್ ಸಿಂಡ್ರೋಮ್, ಹುರಿಯ ಒಂದು ಅರ್ಧ ಮಾತ್ರ ತುಂಡಾದಾಗ ಕಾಣುವ ಲಕ್ಷಣಗಳ ಗುಂಪು. ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಇದನ್ನು ಕೇಳದ ಪರೀಕ್ಷಕರು ಕಡಿಮೆ. ಗೆರೆಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ನರದ ದಾರಿಗೂ ಒಂದೇ ಪ್ರಶ್ನೆ ಕೇಳಿ: ಇದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುವುದು ಎಲ್ಲಿ? ಬೆನ್ನುಹುರಿಯ ಒಳಗೋ, ಅದಕ್ಕಿಂತ ಮೇಲೋ?

ಚಲನೆಯ ದಾರಿ ಮೊದಲು. ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್ ಮಿದುಳಿನ ಬಲಭಾಗದಿಂದ ಹೊರಟು ಇಂಟರ್ನಲ್ ಕ್ಯಾಪ್ಸೂಲ್ ಎಂಬ ಎಳೆಗಳ ಕಟ್ಟಿನ ಮೂಲಕ ಹಾದು ಮೆಡುಲ್ಲಾಗೆ, ಅಂದರೆ ಬೆನ್ನುಹುರಿಗೆ ಸೇರುವ ಮಿದುಳಿನ ಬುಡಕ್ಕೆ, ಇಳಿಯುತ್ತದೆ. ಅಲ್ಲಿ ಶೇ. 85ರಿಂದ 90ರಷ್ಟು ಎಳೆಗಳು ಎಡಕ್ಕೆ ದಾಟಿಬಿಡುತ್ತವೆ. ಆಮೇಲೆ ಬೆನ್ನುಹುರಿಯ ಎಡಗಡೆಯಲ್ಲೇ ಇಳಿದು ಮುಂಕೊಂಬಿನ, ಅಂದರೆ ಹುರಿಯ ಮುಂಭಾಗದಲ್ಲಿ ಸ್ನಾಯು ಆಡಿಸುವ, ನರಕೋಶಗಳನ್ನು ಮುಟ್ಟುತ್ತವೆ. ದಾಟುವುದೆಲ್ಲ ಮೇಲೆಯೇ ಮುಗಿದಿರುವುದರಿಂದ ಹುರಿಯ ಎಡಭಾಗ ತುಂಡಾದರೆ ಎಡಗಾಲೇ ಸೋಲುತ್ತದೆ.

ಕೀಲು ಯಾವ ಸ್ಥಿತಿಯಲ್ಲಿದೆ ಅನ್ನುವ ಅರಿವು ಮತ್ತು ಕಂಪನ ಹುರಿಯ ಹಿಂಭಾಗದ ಎಳೆಗಳ ಕಟ್ಟಾದ ಡಾರ್ಸಲ್ ಕಾಲಮ್‌ನಲ್ಲಿ ಹೋಗುತ್ತವೆ. ಎಡಗಾಲಿನಿಂದ ಬಂದ ಎಳೆ ಹುರಿಯೊಳಗೆ ಹೊಕ್ಕು, ಎಲ್ಲೂ ನರಕೋಶ ಬದಲಿಸದೆ, ಹಿಂಭಾಗದಲ್ಲಿ ಅದೇ ಕಡೆಯಿಂದ ಮೆಡುಲ್ಲಾವರೆಗೆ ಏರುತ್ತದೆ. ಕಾಲ್ಬೆರಳಿನಿಂದ ತಲೆಬುರುಡೆಯ ಬುಡದವರೆಗೆ ಒಂದೇ ನರಕೋಶ! ಎತ್ತರದ ಮನುಷ್ಯನಲ್ಲಿ ಅದು ಒಂದೂವರೆ ಮೀಟರ್‌ಗೂ ಜಾಸ್ತಿ ಉದ್ದ. ನನಗೆ ಇಡೀ ಅನಾಟಮಿಯಲ್ಲಿ ಇಷ್ಟು ಇಷ್ಟವಾದ ವಿಷಯ ಇನ್ನೊಂದಿಲ್ಲ. ಅದು ದಾಟುವುದು ಮೆಡುಲ್ಲಾದಲ್ಲಿ, ಎರಡನೇ ನರಕೋಶ ಶುರುವಾದ ಮೇಲೆ. ಹಾಗಾಗಿ ಈ ಅರಿವು ಹೋಗುವುದೂ ಗಾಯ ಆದ ಕಡೆಯೇ.

ನೋವು ಮತ್ತು ಬಿಸಿ-ತಣ್ಣನೆ ಮಾತ್ರ ಹುರಿಯ ಒಳಗೇ ದಾಟುತ್ತವೆ. ಬಲಗಾಲಿನ ನೋವಿನ ಎಳೆ ಹುರಿಯ ಹಿಂಬದಿಯ ಹಿಂಕೊಂಬಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಎರಡನೇ ನರಕೋಶ ಹೊರಟು ನಡುವಿನ ಕಾಲುವೆಯ ಮುಂದುಗಡೆಯಿಂದ ಎಡಕ್ಕೆ ದಾಟಿ, ಸ್ಪೈನೋಥಲಾಮಿಕ್ ಟ್ರ್ಯಾಕ್ಟ್ ಆಗಿ ಮಿದುಳಿನೊಳಗಿನ ಥಲಾಮಸ್‌ವರೆಗೆ ಏರುತ್ತದೆ. ಚಾಕು ಎಡಕ್ಕೆ ಬಿದ್ದಾಗ ಬಲಗಾಲಿನ ನೋವಿನ ಎಳೆಗಳು ಆಗಲೇ ಎಡಕ್ಕೆ ಬಂದಿದ್ದವು.

ಈಗ ಆ ಎರಡು ಮಟ್ಟದ ಲೆಕ್ಕ. ನೋವಿನ ಎಳೆಗಳು ನೇರ ಅಡ್ಡಕ್ಕೆ ದಾಟುವುದಿಲ್ಲ, ಒಂದೆರಡು ಮಟ್ಟ ಮೇಲೇರುತ್ತಾ ಓರೆಯಾಗಿ ದಾಟುತ್ತವೆ. ಬಲಗಡೆ ಟಿ8, ಟಿ9ರಲ್ಲಿ ಒಳಬಂದ ಎಳೆಗಳು ಎಡಕ್ಕೆ ತಲುಪುವಷ್ಟರಲ್ಲಿ ಗಾಯಕ್ಕಿಂತ ಮೇಲೆ ಇರುತ್ತವೆ, ಹಾಗಾಗಿ ಬಚಾವ್. ಟಿ10 ಮತ್ತು ಅದರ ಕೆಳಗಿನವು ಮಾತ್ರ ಸಿಕ್ಕಿಹಾಕಿಕೊಳ್ಳುತ್ತವೆ.

ಹತ್ತಿಯ ಸ್ಪರ್ಶ ಎರಡೂ ದಾರಿಯಲ್ಲಿ ಹೋಗುತ್ತದೆ. ಒಂದೊಂದು ಕಾಲಿಗೆ ಒಂದೊಂದು ದಾರಿ ಉಳಿದಿದೆಯಲ್ಲ, ಅಷ್ಟು ಸಾಕು.

ಕೇಸಿನಲ್ಲಿ ಒಂದು ವಿಷಯ ಬಿಟ್ಟಿದ್ದಾರೆ. ಎಡಗಡೆ ಗಾಯದ ಮಟ್ಟದಲ್ಲೇ, ಎದೆಗೂಡಿಗೂ ಹೊಕ್ಕುಳಿಗೂ ನಡುವೆ, ಏನೂ ಗೊತ್ತಾಗದ ಒಂದು ಸಣ್ಣ ಪಟ್ಟಿ ಇರಬೇಕು. ಆ ಮಟ್ಟದಲ್ಲಿ ಒಳಬರುವ ಎಳೆಗಳೇ ತುಂಡಾಗಿರುತ್ತವೆ. ಅದನ್ನು ನೀವಾಗಿಯೇ ಹೇಳಿದರೆ ಪರೀಕ್ಷಕರು ಖುಷಿಯಾಗುತ್ತಾರೆ.

ಹಳೇ_ಪುಟಗಳು:

ನಮ್ಮ ಬ್ಯಾಚಿನಲ್ಲಿ ಬ್ರೌನ್ ಬೇರೆ, ಸೆಕಾರ್ಡ್ ಬೇರೆ ಅಂದುಕೊಂಡವರು ಅರ್ಧ ಜನ. ಒಬ್ಬನೇ ಮನುಷ್ಯ. 1817ರಲ್ಲಿ ಮಾರಿಷಸ್‌ನಲ್ಲಿ ಹುಟ್ಟಿದವನು. ಅಪ್ಪ ಅಮೆರಿಕದ ಹಡಗಿನ ಕ್ಯಾಪ್ಟನ್ ಬ್ರೌನ್, ಅಮ್ಮನ ಮನೆತನ ಸೆಕಾರ್ಡ್. ಸಂವೇದನೆಯೆಲ್ಲ ಹುರಿಯ ಹಿಂಭಾಗದಲ್ಲೇ ಹೋಗುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, 1850ರ ಸುಮಾರಿಗೆ, ಪ್ರಾಣಿಗಳ ಬೆನ್ನುಹುರಿಯನ್ನು ಅರ್ಧ ಕತ್ತರಿಸಿ ನೋವಿನ ದಾರಿ ಅಲ್ಲೇ ಅಡ್ಡ ದಾಟುತ್ತದೆ ಅಂತ ತೋರಿಸಿದ. 1889ರಲ್ಲಿ, 72ನೇ ವಯಸ್ಸಿನಲ್ಲಿ, ಪ್ರಾಣಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು ಯೌವನ ಮರಳಿತು ಅಂತ ಹೇಳಿ ನಗೆಪಾಟಲಿಗೂ ಆದ, ಅದು ಬೇರೆ ಕಥೆ.

ಇದೇ ತಿಳಿವಳಿಕೆ ಮುಂದೆ ಚಿಕಿತ್ಸೆಗೂ ಬಂತು. ತಡೆಯಲಾಗದ ನೋವಿಗೆ ಎದುರು ಕಡೆಯ ಸ್ಪೈನೋಥಲಾಮಿಕ್ ಭಾಗವನ್ನು ಮಾತ್ರ ಕತ್ತರಿಸುವ ಕಾರ್ಡಾಟಮಿಯನ್ನು ಅಮೆರಿಕದ ಸ್ಪಿಲ್ಲರ್ ಮತ್ತು ಮಾರ್ಟಿನ್ 1912ರಲ್ಲಿ ಪ್ರಕಟಿಸಿದರು.

ವಾರ್ಡ್_ಸಿಸ್ಟರ್:

ತಂಗಿ, ಥಿಯರಿ ಎಲ್ಲ ಸರಿ. ಆದರೆ ಇಂಥ ರೋಗಿ ಮನೆಗೆ ಹೋದ ಮೇಲೆ ಸುಟ್ಟುಕೊಳ್ಳುವುದು ಸೋತ ಕಾಲನ್ನಲ್ಲ, ಚೆನ್ನಾಗಿರುವ ಕಾಲನ್ನು. ಎಲ್ಲರ ಗಮನ ಎಡಗಾಲಿನ ಮೇಲೆ. ಬಲಗಾಲು ಆಡುತ್ತದಲ್ಲ, ಅದಕ್ಕೇನಾಗಿದೆ ಅಂತ ಬಿಟ್ಟಿರುತ್ತಾರೆ. ಹಂಡೆಯ ನೀರು ಸುರಿದುಕೊಂಡು ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಬೈಕಿನ ಹಿಂದೆ ಕೂತರೆ ಸೈಲೆನ್ಸರ್ ಸಾಮಾನ್ಯವಾಗಿ ಬಲಗಡೆಯೇ ಇರುತ್ತದೆ, ಅದನ್ನೂ ಹೇಳಿ ಕಳಿಸಬೇಕು. ನೀರನ್ನು ಮೊದಲು ಕೈಯಿಂದ ಮುಟ್ಟಿ ನೋಡಲಿ, ರಾತ್ರಿ ಮಲಗುವ ಮುಂಚೆ ಪಾದದ ಅಡಿ, ಬೆರಳಿನ ಸಂದಿ ಕಣ್ಣಿಂದ ನೋಡಿಕೊಳ್ಳಲಿ.

ನಿಮ್ಮ ಫಿಸಿಯೋ ವಿಭಾಗಕ್ಕೂ ಇದು ಅನ್ವಯಿಸುತ್ತದೆ. ಬಲಗಾಲಿಗೆ ಹಾಟ್ ಪ್ಯಾಕೋ ಬಿಸಿ ಮೇಣದ ವ್ಯಾಕ್ಸೋ ಇಡುವ ಮುಂಚೆ ಬಿಸಿ ಗೊತ್ತಾಗುತ್ತದಾ ಅಂತ ಪರೀಕ್ಷೆ ಮಾಡದೆ ಇಡಲೇಬೇಡಿ.

ಬಿಪಿಟಿ_ಮೂರನೇ_ವರ್ಷ:

ಅಕ್ಕ, ಸೈಲೆನ್ಸರ್ ವಿಷಯ ಯಾವ ಪುಸ್ತಕದಲ್ಲೂ ಇಲ್ಲ! ಪಿಜಿ ಸರ್, ಇನ್ನೊಂದು ಸಂಶಯ. ಎಡಗಾಲು ಬಿಗಿ ಅಂತ ಕೇಸಿನಲ್ಲಿದೆ. ಆದರೆ ಅದೇ ಹಾಳೆಯಲ್ಲಿ ಮೊದಲ ದಿನ ಕಾಲು ಪೂರ್ತಿ ಸಡಿಲ, ಮಂಡಿಯ ರಿಫ್ಲೆಕ್ಸ್ ಇಲ್ಲ ಅಂತ ಬರೆದಿದೆ. ಸಡಿಲ ಅಂದರೆ ಲೋವರ್ ಮೋಟಾರ್ ನ್ಯೂರಾನ್, ಅಂದರೆ ಹುರಿಯಿಂದ ಸ್ನಾಯುವಿಗೆ ಹೋಗುವ ನರಕೋಶದ, ತೊಂದರೆ ಅಲ್ವಾ?

ನರರೋಗ_ಪಿಜಿ:

ಅದು ಸ್ಪೈನಲ್ ಶಾಕ್. ಮೇಲಿನಿಂದ ಬರುವ ಆದೇಶ ಒಮ್ಮೆಲೇ ನಿಂತಾಗ ಕೆಳಗಿನ ಹುರಿ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಮಂಕಾಗುತ್ತದೆ. ಟಿ8ಕ್ಕೆ ಪೆಟ್ಟಾದರೂ ಕಾಲನ್ನು ಆಡಿಸುವ ಮುಂಕೊಂಬಿನ ಕೋಶಗಳು ಸೊಂಟದ ಮಟ್ಟದ ಹುರಿಯಲ್ಲಿ ಕ್ಷೇಮವಾಗಿವೆ. ಅವು ಎಚ್ಚೆತ್ತ ಮೇಲೆ ಅವುಗಳನ್ನು ಹಿಡಿತದಲ್ಲಿಡುವವರು ಯಾರೂ ಇರುವುದಿಲ್ಲ. ಆಗ ಬಿಗಿತ ಬರುತ್ತದೆ, ಮಂಡಿ ತಟ್ಟಿದರೆ ಕಾಲು ಹಾರುತ್ತದೆ, ಪಾದದ ಅಡಿ ಗೀರಿದರೆ ಹೆಬ್ಬೆರಳು ಮೇಲಕ್ಕೆ ಹೋಗುತ್ತದೆ. ಗಾಯ ಕುತ್ತಿಗೆಯಲ್ಲಿ, ಸಿ5-ಸಿ6ರ ಹತ್ತಿರ ಆಗಿದ್ದರೆ ಚಿತ್ರ ಬೇರೆ. ಅದೇ ಮಟ್ಟದ ಕೋಶಗಳು ಸತ್ತು ತೋಳು ಸೊರಗುತ್ತದೆ, ಕಾಲು ಮಾತ್ರ ಬಿಗಿಯಾಗುತ್ತದೆ.

ಮಲೆನಾಡಿಗ:

ನಾನು ಮೆಡಿಕಲ್ ಅಲ್ಲ, ಸುಮ್ನೆ ಓದುತ್ತಿದ್ದೆ. ನಮ್ಮ ಅಪ್ಪ ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮುಂದಕ್ಕೆ ವಾಲುತ್ತಾರೆ, ಕತ್ತಲಲ್ಲಿ ನಡೆಯಲು ಹೆದರುತ್ತಾರೆ. ಶುದ್ಧ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹಳ ಕಾಲದಿಂದ ನುಂಗುತ್ತಿದ್ದಾರೆ. ಇದೂ ಬೆನ್ನುಹುರಿಯ ತೊಂದರೆ ಇರಬಹುದಾ?

ನರರೋಗ_ಪಿಜಿ:

ಇರಬಹುದು, ತಡ ಮಾಡದೆ ತೋರಿಸಿ. ಇಲ್ಲಿ ಕೂತು ರೋಗ ಹೆಸರಿಸುವುದು ಸರಿಯಲ್ಲ, ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳೇ ಕೆಟ್ಟಿದ್ದರೂ ಹೀಗಾಗುತ್ತದೆ. ಆದರೆ ನೀವು ಹೇಳಿದ್ದು ಬಿ12 ಕೊರತೆಗೂ ಹೊಂದುತ್ತದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಬಿ12 ಇಳಿಯಬಹುದು, ಸಸ್ಯಾಹಾರಿಗಳಿಗೆ ಹಾಲು ಮೊಸರಿನಿಂದ ಬರುವುದು ಬಿಟ್ಟರೆ ಬೇರೆ ಮೂಲ ಹೆಚ್ಚಿಲ್ಲ. ಕೊರತೆ ಜಾಸ್ತಿಯಾದರೆ ಎರಡೂ ಕಡೆಯ ಡಾರ್ಸಲ್ ಕಾಲಮ್ ಹಾಳಾಗುತ್ತದೆ, ಜೊತೆಗೆ ಚಲನೆಯ ದಾರಿಯೂ. ಪಾದ ಎಲ್ಲಿದೆ ಅನ್ನುವ ಸುದ್ದಿ ಮೇಲೆ ಹೋಗದಿದ್ದಾಗ ಮನುಷ್ಯ ಕಣ್ಣಿನ ಸಹಾಯದಿಂದ ನಿಲ್ಲುತ್ತಾನೆ, ಕಣ್ಣು ಮುಚ್ಚಿದರೆ ತೂರಾಡುತ್ತಾನೆ.

ಒಂದು ಎಚ್ಚರಿಕೆ. ರಕ್ತ ಕಡಿಮೆ ಅಂತ ಅಂಗಡಿಯಿಂದ ಫೋಲಿಕ್ ಆಸಿಡ್ ಮಾತ್ರ ತಂದು ಕೊಡಬೇಡಿ. ರಕ್ತ ಸುಧಾರಿಸಿದಂತೆ ಕಾಣುತ್ತದೆ, ಬಿ12 ಇಲ್ಲದೆ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಮೆಟ್‌ಫಾರ್ಮಿನ್ ಕೂಡ ನೀವಾಗಿಯೇ ನಿಲ್ಲಿಸಬೇಡಿ.

ಮಲೆನಾಡಿಗ:

ಧನ್ಯವಾದ ಸರ್. ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ನರರೋಗ_ಪಿಜಿ:

ಬಿಪಿಟಿಯವರೇ, ಈಗ ನಿಮಗೆ ನನ್ನ ಪ್ರಶ್ನೆ. ಕುತ್ತಿಗೆಯ ಮಟ್ಟದಲ್ಲಿ ಹುರಿಯ ನಟ್ಟನಡುವೆ ನೀರಿನ ಗುಳ್ಳೆ ಬೆಳೆಯುತ್ತಿದೆ, ಸಿರಿಂಗೋಮೈಲಿಯಾ. ಮೊದಲು ಏನು ಹೋಗುತ್ತದೆ, ಯಾವ ಕಡೆ?

ಬಿಪಿಟಿ_ಮೂರನೇ_ವರ್ಷ:

ನಡುವೆ ದಾಟುವುದು ನೋವು ಮತ್ತು ಬಿಸಿಯ ಎಳೆಗಳು ಮಾತ್ರ. ಎರಡೂ ಕಡೆಯವು ಅಲ್ಲೇ ದಾಟುತ್ತವೆ. ಹಾಗಾಗಿ ಎರಡೂ ಭುಜ, ತೋಳುಗಳಲ್ಲಿ ನೋವು, ಬಿಸಿ ಗೊತ್ತಾಗುವುದಿಲ್ಲ. ಸ್ಪರ್ಶ, ಕಂಪನ ಹಾಗೇ ಇರುತ್ತವೆ. ಕಾಲಿನ ಎಳೆಗಳು ಕೆಳಗೇ ದಾಟಿ ಅಂಚಿಗೆ ಸೇರಿರುವುದರಿಂದ ಕಾಲಿಗೆ ಸದ್ಯಕ್ಕೆ ಏನೂ ಇಲ್ಲ. ಸರೀನಾ ಸರ್?

ನರರೋಗ_ಪಿಜಿ:

ಪೂರ್ತಿ ಸರಿ. ಅಂಚು ಅಂದಿರಲ್ಲ, ಸ್ಪೈನೋಥಲಾಮಿಕ್‌ನಲ್ಲಿ ತೀರಾ ಹೊರಗಿರುವುದು ಹುರಿಯ ಕೆಳತುದಿಯಿಂದ ಬರುವ ಸೇಕ್ರಲ್ ಎಳೆಗಳು. ಹಾಗಾಗಿ ಹುರಿಯ ಒಳಗಿನಿಂದ ಬೆಳೆಯುವ ಗಡ್ಡೆಯಲ್ಲಿ ಗುದದ ಸುತ್ತಲಿನ ಚರ್ಮದ ನೋವಿನ ಅರಿವು ಕೊನೆಯವರೆಗೂ ಉಳಿಯಬಹುದು. ಮುಜುಗರ ಅಂತ ಅಲ್ಲಿ ಪಿನ್ ಪರೀಕ್ಷೆ ಬಿಟ್ಟು ಕೇಸ್ ಶೀಟ್ ತುಂಬಿಸುವವರು ಜಾಸ್ತಿ. ನೀವು ಬಿಡಬೇಡಿ.